ಆಗಾಗ ಒಂದೆರಡು ನಿಮಿಷ ಸ್ತಬ್ಧವಾಗುವ ಡೆಸ್ಕ್‌ಟಾಪ್: ರ‍್ಯಾಮ್ ಹಾಕಿಸುವ ಮೊದಲು ಇಷ್ಟು ನೋಡಿ

ನೀವು ಹೇಳಿದ್ದು ಇಷ್ಟು: ತೀರ್ಥಹಳ್ಳಿ ಕಡೆ ಮನೆ. ಐ5-8400 ಪ್ರೊಸೆಸರ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್. ದಿನಕ್ಕೆ ನಾಲ್ಕೈದು ಸಲ ಮೌಸ್ ಮಾತ್ರ ಓಡಾಡುತ್ತದೆ, ಬೇರೇನೂ ಅಲ್ಲಾಡುವುದಿಲ್ಲ. ಒಂದೆರಡು ನಿಮಿಷ ಬಿಟ್ಟು ತಾನೇ ಸರಿಹೋಗುತ್ತದೆ. ಅಂಗಡಿಯವರು ರ‍್ಯಾಮ್ ಹೆಚ್ಚಿಸಿ ಅನ್ನುತ್ತಾರೆ, ಮನೆಯಲ್ಲಿ ಎಲ್ಲರೂ ವೋಲ್ಟೇಜ್ ಅನ್ನುತ್ತಾರೆ.

ನನ್ನ ಅಂದಾಜಿನಲ್ಲಿ ಎರಡೂ ಅಲ್ಲ. ರ‍್ಯಾಮ್ ಸಾಲದಿದ್ದರೆ ಇಪ್ಪತ್ತು ಟ್ಯಾಬ್ ತೆರೆದಾಗ ನಿಧಾನವಾಗಿ, ಮುಚ್ಚಿದಾಗ ಚುರುಕಾಗಬೇಕು. ಸುಮ್ಮನೆ ಒಂದು ಪತ್ರ ಟೈಪ್ ಮಾಡುವಾಗ ನಿಲ್ಲಬಾರದು. ಇನ್ನು ವೋಲ್ಟೇಜ್ ಇಳಿದರೆ ಮೆಲ್ಲಗೆ ತಿರುಗಲು ಕಂಪ್ಯೂಟರ್ ಏನು ಸೀಲಿಂಗ್ ಫ್ಯಾನ್ ಅಲ್ಲ. ಕಂಪ್ಯೂಟರಿನ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್, ಒಳಗಿನ 12, 5 ಮತ್ತು 3.3 ವೋಲ್ಟನ್ನು ಹಿಡಿದಿಡುತ್ತದೆ. ಆಗದೇ ಹೋದರೆ ಆಫ್ ಆಗುತ್ತದೆ, ಇಲ್ಲವೇ ರೀಸ್ಟಾರ್ಟ್. ಆದರೆ ಯುಪಿಎಸ್ ಇಲ್ಲದೆ ಕರೆಂಟ್ ಪದೇ ಪದೇ ಹೋಗುತ್ತಿದ್ದರೆ ಪೆಟ್ಟು ತಿನ್ನುವುದು ಹಾರ್ಡ್‌ಡಿಸ್ಕ್. ಮನೆಯವರ ಮಾತಿನಲ್ಲಿ ಅಷ್ಟರಮಟ್ಟಿಗೆ ಸತ್ಯವಿದೆ.

ಕಾಯಿಲೆಯನ್ನು ಬಂದಾಗಲೇ ಹಿಡಿಯಬೇಕು. ಒಮ್ಮೆ ನಿಂತುಬಿಟ್ಟರೆ ಟಾಸ್ಕ್ ಮ್ಯಾನೇಜರ್ ಕೂಡ ತೆರೆಯುವುದಿಲ್ಲ, ಹಾಗಾಗಿ ಬೆಳಿಗ್ಗೆಯೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ತೆರೆದು, ಪರ್ಫಾರ್ಮೆನ್ಸ್‌ನಲ್ಲಿ ಡಿಸ್ಕ್ ಆರಿಸಿ ಪಕ್ಕಕ್ಕೆ ಇಟ್ಟುಕೊಳ್ಳಿ. ನಿಂತಾಗ ಮೂರು ಅಂಕಿ ನೋಡಿ: ಆಕ್ಟಿವ್ ಟೈಮ್, ರೀಡ್-ರೈಟ್ ವೇಗ, ಆವರೇಜ್ ರೆಸ್ಪಾನ್ಸ್ ಟೈಮ್. ಆಕ್ಟಿವ್ ಟೈಮ್ 100% ಇದ್ದು ವೇಗ ಸೆಕೆಂಡಿಗೆ 80 ಎಂಬಿ ಇದ್ದರೆ ಡಿಸ್ಕ್ ಪ್ರಾಮಾಣಿಕವಾಗಿ ಗೇಯುತ್ತಿದೆ. ಎರಡು ದಿನ ಕರೆಂಟಿಲ್ಲದೆ ಬಂದಾಗ ಬಾಕಿ ಉಳಿದ ಅಪ್‌ಡೇಟ್, ವೈರಸ್ ಸ್ಕ್ಯಾನ್ ಎಲ್ಲ ಒಟ್ಟಿಗೆ ಹೊರಡುತ್ತವೆ. ಅರ್ಧ ಗಂಟೆ ಬಿಟ್ಟುಬಿಡಿ. 100% ಇದ್ದೂ ವೇಗ ಸೊನ್ನೆಯ ಹತ್ತಿರ, ರೆಸ್ಪಾನ್ಸ್ ಟೈಮ್ ಸಾವಿರಾರು ಮಿಲಿಸೆಕೆಂಡ್ ಆಗಿದ್ದರೆ ಡಿಸ್ಕ್ ಇಲ್ಲವೇ ಅದರ ಕೇಬಲ್ ಕೆಟ್ಟಿದೆ. ಹಾರ್ಡ್‌ಡಿಸ್ಕ್ ಸರಿಯಾಗಿ ಓದಲಾಗದ ಸೆಕ್ಟರನ್ನು (ಮಾಹಿತಿ ಇಡುವ ಚಿಕ್ಕ ತುಂಡನ್ನು) ಬಿಡುವುದಿಲ್ಲ, ಮತ್ತೆ ಮತ್ತೆ ಓದಲು ನೋಡುತ್ತದೆ. ಅಷ್ಟು ಹೊತ್ತೂ ವಿಂಡೋಸ್ ಕಾಯುತ್ತ ಕೂರುತ್ತದೆ. ಮೌಸ್ ಮಾತ್ರ ಓಡಾಡುವುದು ಇದಕ್ಕೇ.

ಖಚಿತಪಡಿಸಿಕೊಳ್ಳಲು, ನಡೆದದ್ದನ್ನೆಲ್ಲ ವಿಂಡೋಸ್ ಬರೆದಿಡುವ ಈವೆಂಟ್ ವ್ಯೂಯರ್‌ನಲ್ಲಿ ವಿಂಡೋಸ್ ಲಾಗ್ಸ್, ಸಿಸ್ಟಮ್ ತೆರೆದು ಆ ಗಳಿಗೆಯ ಸಾಲುಗಳನ್ನು ನೋಡಿ. ಈವೆಂಟ್ ಸಂಖ್ಯೆ 7 ಅಂದರೆ ಬ್ಯಾಡ್ ಬ್ಲಾಕ್ (ಡಿಸ್ಕಿನ ಕೆಟ್ಟ ಜಾಗ), 153 ಅಂದರೆ ಓದು-ಬರಹ ಮರುಪ್ರಯತ್ನವಾಗಿದೆ, 129 ಅಂದರೆ ಉತ್ತರವೇ ಬರದೆ ಡಿಸ್ಕನ್ನು ರೀಸೆಟ್ ಮಾಡಲಾಗಿದೆ. ಆಮೇಲೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಸಾಫ್ಟ್‌ವೇರ್ ಹಾಕಿ. ಅದರಲ್ಲಿ 05 (ಬದಲಿಸಲಾದ ಸೆಕ್ಟರ್), ಸಿ5 (ಓದಲಾಗದೆ ಬಾಕಿ ಉಳಿದದ್ದು), ಸಿ6 (ಸರಿಪಡಿಸಲಾಗದ್ದು) ಸಾಲುಗಳ ರಾ ವ್ಯಾಲ್ಯೂ, ಅಂದರೆ ನಿಜವಾದ ಎಣಿಕೆ, ಸೊನ್ನೆ ಇರಬೇಕು. ಸಿ5 ಏರುತ್ತಿದ್ದರೆ ಡಿಸ್ಕ್ ಆಯಸ್ಸು ಮುಗಿಯುತ್ತ ಬಂತು. ಸಿ7 (ಮಾಹಿತಿ ಸಾಗಿಸುವಾಗಿನ ತಪ್ಪುಗಳ ಎಣಿಕೆ) ಮಾತ್ರ ಏರುತ್ತಿದ್ದರೆ ಡಿಸ್ಕನ್ನು ಬೈಯಬೇಡಿ, ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಬದಲಿಸಿ, ಮದರ್‌ಬೋರ್ಡಿನಲ್ಲಿ ಬೇರೆ ಪೋರ್ಟಿಗೆ ಚುಚ್ಚಿ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಸಡಿಲ ಕನೆಕ್ಟರಿನ ಲೋಹ ಕಿಲುಬು ಹಿಡಿಯುವುದು ದೊಡ್ಡ ವಿಷಯವಲ್ಲ. ಸಿ7 ಹಳೆಯ ಸಂಖ್ಯೆ ಇಳಿಯುವುದಿಲ್ಲ, ಬರೆದಿಟ್ಟುಕೊಂಡು ವಾರದ ನಂತರ ಹೋಲಿಸಿ.

ಸಿ5 ಸೊನ್ನೆ ಇಲ್ಲದಿದ್ದರೆ ಮೊದಲು ಫೋಟೋ, ಕಾಗದಪತ್ರ ಎಲ್ಲ ಹೊರಗಿನ ಡಿಸ್ಕಿಗೆ ಹಾಕಿಕೊಳ್ಳಿ. ವಿಂಡೋಸಿನ ಡಿಸ್ಕ್ ಪರೀಕ್ಷೆಯಾದ ಚೆಕ್‌ಡಿಸ್ಕ್ ಓಡಿಸಿ ಎಂದು ಸಲಹೆ ಕೊಡುವವರು ಬಹಳ. ಸಾಯುತ್ತಿರುವ ಡಿಸ್ಕಿನ ಪ್ರತಿ ಸೆಕ್ಟರನ್ನೂ ಓದಿಸಿದರೆ ಉಳಿದದ್ದೂ ಹೋಗಬಹುದು. ಬ್ಯಾಕಪ್ ಆಗದೆ ಅದನ್ನು ಮುಟ್ಟಲೇಬೇಡಿ. ಆಮೇಲೆ 240 ಅಥವಾ 500 ಜಿಬಿಯ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಹಾಕಿ ವಿಂಡೋಸನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಿ. ಡಿಸ್ಕ್ ಆರೋಗ್ಯವಾಗಿದ್ದರೂ ರ‍್ಯಾಮಿಗಿಂತ ಮೊದಲು ಎಸ್‌ಎಸ್‌ಡಿಗೇ ದುಡ್ಡು ಹಾಕಿ.

ಡಿಸ್ಕ್ ಸುಮ್ಮನಿದ್ದರೆ ಸಿಪಿಯು ನೋಡಿ. ಈ ಪ್ರೊಸೆಸರ್‌ನ ಮೂಲ ವೇಗ 2.8 ಗಿಗಾಹರ್ಟ್ಸ್. ಕೆಲಸವಿಲ್ಲದಾಗ 0.8ಕ್ಕೆ ಇಳಿಯುವುದು ಸಹಜ. ಬಳಕೆ 90% ಇದ್ದೂ ವೇಗ 1ರ ಆಸುಪಾಸಿನಲ್ಲಿದ್ದರೆ ಬಿಸಿಯಾಗಿ ತನ್ನನ್ನು ತಾನೇ ತಡೆದುಕೊಳ್ಳುತ್ತಿದೆ. 100 ಡಿಗ್ರಿ ಅದರ ಮಿತಿ. ಈವೆಂಟ್ ವ್ಯೂಯರ್‌ನಲ್ಲಿ 37 ಕೂಡ ಕಾಣಬಹುದು, ಅಂದರೆ ಪ್ರೊಸೆಸರ್ ವೇಗಕ್ಕೆ ತಡೆ ಬಿದ್ದಿದೆ. ಅಡಿಕೆ ಸುಲಿಯುವ ಮನೆಯ, ಬಚ್ಚಲ ಒಲೆ ಉರಿಯುವ ಮನೆಯ ಧೂಳು ಪೇಟೆಯ ಧೂಳಿನಂತಲ್ಲ. ಹೊಗೆಯ ಜಿಡ್ಡು ಸೇರಿ, ಪ್ರೊಸೆಸರಿನ ಬಿಸಿ ಹೀರುವ ಹೀಟ್‌ಸಿಂಕ್‌ನ ಲೋಹದ ರೆಕ್ಕೆಗಳ ಮೇಲೆ, ಫ್ಯಾನಿನ ಕೆಳಗೆ, ಕಂಬಳಿ ತುಂಡು ಹಾಸಿದ ಹಾಗೆ ಕೂರುತ್ತದೆ. ಊದಿದರೆ ಹೋಗುವುದಿಲ್ಲ. ಪ್ಲಗ್ ತೆಗೆದು, ಫ್ಯಾನ್ ಕಳಚಿ, ಹಳೆಯ ಪೇಂಟ್ ಬ್ರಷ್‌ನಿಂದ ಎತ್ತಬೇಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಬೇಡ, ಮಳೆಗಾಲದಲ್ಲಿ ಅದರ ಜೊತೆ ನೀರೂ ಬರುತ್ತದೆ. ಹೀಟ್‌ಸಿಂಕ್ ಎತ್ತಿದರೆ ಅದಕ್ಕೂ ಪ್ರೊಸೆಸರಿಗೂ ನಡುವೆ ಬಿಸಿ ದಾಟಿಸುವ ಹಳೆಯ ಪೇಸ್ಟ್ ಒರೆಸಿ, ಬಟಾಣಿ ಕಾಳಿಗಿಂತ ಸಣ್ಣ ಹನಿ ಹೊಸ ಪೇಸ್ಟ್ ಹಾಕಿ. ಕೂರಿಸುವಾಗ ನಾಲ್ಕು ಪಿನ್ನೂ ಟಕ್ ಎಂದಿದೆಯೇ ನೋಡಿ, ಮದರ್‌ಬೋರ್ಡಿನ ಹಿಂಬದಿಗೂ ಬೆರಳಾಡಿಸಿ. ಒಂದು ಪಿನ್ ಎದ್ದಿದ್ದರೆ ಪೇಸ್ಟ್ ಎಷ್ಟು ಒಳ್ಳೆಯದಾದರೂ ವ್ಯರ್ಥ.

ಬ್ರೌಸರ್ ಮಾತ್ರ ನಿಂತು ಉಳಿದದ್ದು ಓಡುತ್ತಿದ್ದರೆ ಅದು ಬಹುತೇಕ ನೆಟ್ ಇಲ್ಲವೇ ಬ್ರೌಸರಿನದೇ ತಾಪತ್ರಯ, ಡಿಸ್ಕಿನದಲ್ಲ.

ಮೊದಲು ಸಿ5, ಸಿ7 ಸಂಖ್ಯೆಗಳನ್ನೂ ನಿಂತಾಗಿನ ರೆಸ್ಪಾನ್ಸ್ ಟೈಮನ್ನೂ ಇಲ್ಲಿ ಬರೆಯಿರಿ. ಅಲ್ಲಿಯವರೆಗೆ ಕ್ಯಾಬಿನೆಟ್ ಬಿಚ್ಚುವುದು ಬೇಡ, ಅಂಗಡಿಗೂ ಹೋಗುವುದು ಬೇಡ.