23 ಮತಗಳಿಂದ ಸೋತೆ, ಇನ್ನು ಮನೆಯಲ್ಲೇ ಇದ್ದುಬಿಡಲೇ?

ಪ್ರಶ್ನೆ: ಅಕ್ಕಾ, ನನಗೆ 39 ವರ್ಷ. ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದವಳು. ತುಂಬಾ ವರ್ಷಗಳಿಂದ ಕೇರಳದ ಮಹಿಳಾ ಸ್ವಸಹಾಯ ಸಂಘಗಳ ಜಾಲವಾದ ಕುಟುಂಬಶ್ರೀಯಲ್ಲಿದ್ದೇನೆ. ಕಳೆದ ಡಿಸೆಂಬರಿನ ಪಂಚಾಯತು ಚುನಾವಣೆಯಲ್ಲಿ ನಮ್ಮ ವಾರ್ಡ್ ಮಹಿಳಾ ಮೀಸಲಾಯಿತು. ಪಕ್ಷದವರು ಮನೆಗೆ ಬಂದು ಒತ್ತಾಯಿಸಿ ನಿಲ್ಲಿಸಿದರು. 23 ಮತಗಳಿಂದ ಸೋತೆ. ಯಾರ ಪಿಂಚಣಿ ಅರ್ಜಿ ಹಿಡಿದು ಅಲೆದೆನೋ ಅವರೇ ಕೈಕೊಟ್ಟರು. ಮತದಾರರ ಪಟ್ಟಿ ಇಟ್ಟುಕೊಂಡು ಲೆಕ್ಕ ಹಾಕಿದರೆ ನಮ್ಮ ಕುಟುಂಬದಲ್ಲೇ ನಾಲ್ಕು ಮತ ತಪ್ಪಿದಂತೆ ಕಾಣುತ್ತದೆ. ಗೆದ್ದವರ ಮನೆ ನಮ್ಮ ಅಡಿಕೆ ತೋಟದ ಆಚೆ ಬದಿಯಲ್ಲಿದೆ. ಎದುರಾಗಬಾರದೆಂದು ಸುತ್ತು ದಾರಿಯಲ್ಲಿ ನಡೆಯುತ್ತೇನೆ. ಅತ್ತೆ ‘ಆಯಿತಲ್ಲ, ಇನ್ನು ಮನೆ ನೋಡಿಕೋ’ ಎನ್ನುತ್ತಾರೆ. ಗಂಡ ಏನೂ ಹೇಳುವುದಿಲ್ಲ. ದಿನವಿಡೀ ಫೋನ್ ಮಾಡುತ್ತಿದ್ದ ಪಕ್ಷದವರು ಈಗ ಕೇಳುವವರೂ ಇಲ್ಲ. ಬಿಟ್ಟುಬಿಡಲೇ?
– ಹೆಸರು ಬೇಡ

ಉತ್ತರ: ತಂಗೀ, ಮೊದಲು ಆ ಮತದಾರರ ಪಟ್ಟಿಯನ್ನು ಮಡಚಿ ಅಟ್ಟಕ್ಕೆ ಹಾಕಿ. ಯಂತ್ರ ಹೇಳುವುದು ಬೂತಿನಲ್ಲಿ ಯಾರಿಗೆ ಎಷ್ಟು ಮತ ಬಿತ್ತು ಎಂಬುದನ್ನು ಮಾತ್ರ. ಯಾರು ಯಾವ ಗುಂಡಿ ಒತ್ತಿದರು ಎಂದು ಅದಕ್ಕೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ನೀವು ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದ ಆ ನಾಲ್ವರಲ್ಲಿ ಇಬ್ಬರು ನಿಮಗೇ ಮತ ಹಾಕಿರಬಹುದು. ನಾಳೆ ನಾದಿನಿಯ ಮನೆಯ ಕಾರ್ಯಕ್ರಮಕ್ಕೆ ಮುಖ ಬಿಗಿದುಕೊಂಡು ಹೋದರೆ ಆ ಇಬ್ಬರನ್ನೂ ಕಳೆದುಕೊಳ್ಳುತ್ತೀರಿ. ಸೋತ ಅಭ್ಯರ್ಥಿಗಳು ಚುನಾವಣೆಯಲ್ಲಿ ಕಳೆದುಕೊಂಡದ್ದಕ್ಕಿಂತ ಹೆಚ್ಚು ಜನರನ್ನು ಅದರ ಮುಂದಿನ ಎರಡು ತಿಂಗಳಲ್ಲಿ ಕಳೆದುಕೊಳ್ಳುತ್ತಾರೆ ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಪಿಂಚಣಿ ಅರ್ಜಿಯ ಮಾತು. ಇಲ್ಲಿ ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಪಿಂಚಣಿಯ ಅಜ್ಜಿಯನ್ನು ಸರ್ಕಾರಿ ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಬದುಕಿದ್ದಾರೆಂದು ಖಚಿತಪಡಿಸುವ ಮಸ್ಟರಿಂಗ್ ಮಾಡಿಸುವಾಗ ನಿಮಗೆ ಟಿಕೆಟಿನ ಕನಸೂ ಇರಲಿಲ್ಲ. ಈಗ ಅದನ್ನು ಸಾಲದ ಪುಸ್ತಕಕ್ಕೆ ಬರೆದುಕೊಳ್ಳುತ್ತಿದ್ದೀರಿ. ನಿಮ್ಮ ಊರಿನ ಸ್ಥಿತಿ ನಿಮಗೇ ಗೊತ್ತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಅಲ್ಲಿನ ಸರ್ಕಾರ ಮಲಯಾಳದಲ್ಲಿ ಮಾತನಾಡುತ್ತದೆ, ವಯಸ್ಸಾದವರು ಕನ್ನಡ ಮಾತ್ರ ಓದುತ್ತಾರೆ. ಕೇರಳದ 1969ರ ಅಧಿಕೃತ ಭಾಷಾ ಕಾನೂನಿನ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ಸರ್ಕಾರದೊಂದಿಗೆ ಕನ್ನಡದಲ್ಲೇ ವ್ಯವಹರಿಸಬಹುದು. ಆದರೆ ಕಾನೂನು ಕಾಗದದಲ್ಲಿರುವುದು ಬೇರೆ, ಮಲಯಾಳದ ನೋಟಿಸು ಹಿಡಿದು ಜಗಲಿಯಲ್ಲಿ ಕುಳಿತ ಅಜ್ಜನಿಗೆ ಅದನ್ನು ಯಾರಾದರೂ ಓದಿ ಹೇಳುವುದು ಬೇರೆ. ನಿಮ್ಮ ವಾರ್ಡಿನಲ್ಲಿ ಅದನ್ನು ಓದಿ ಹೇಳುತ್ತಿದ್ದವರು ನೀವು. ಸೋತ ಮೇಲೆ ಅದನ್ನು ನಿಲ್ಲಿಸಿದರೆ, ‘ಓಟಿಗಾಗಿಯೇ ಮಾಡುತ್ತಿದ್ದಳು’ ಎನ್ನುವವರ ಮಾತನ್ನು ನೀವೇ ನಿಜ ಮಾಡಿದಂತಾಗುತ್ತದೆ. ಮುಂದುವರಿಸಿದರೆ ಅವರೇನು ಹೇಳಿಯಾರು?

ಹಾಗೆಂದು ‘ಬಿಡದೆ ನಿಂತರೆ ಗೆದ್ದೇ ಗೆಲ್ಲುತ್ತೀರಿ’ ಎಂದು ನಿಮ್ಮನ್ನು ನಂಬಿಸಲಾರೆ. ನಿಮ್ಮ ಪಕ್ಕದ ಮಂಜೇಶ್ವರ ಕ್ಷೇತ್ರವನ್ನೇ ನೋಡಿ. 2016ರಲ್ಲಿ ಬಿಜೆಪಿಯ ಕೆ. ಸುರೇಂದ್ರನ್ ಸೋತದ್ದು ಇಡೀ ವಿಧಾನಸಭಾ ಕ್ಷೇತ್ರದಲ್ಲಿ 89 ಮತಗಳಿಂದ. 2021ರಲ್ಲಿ ಮತ್ತೆ ಅಲ್ಲೇ ನಿಂತರು, 745 ಮತಗಳಿಂದ ಸೋತರು. ಅದೇ ಮಂಜೇಶ್ವರದಲ್ಲಿ 2006ರಲ್ಲಿ ಗೆದ್ದಿದ್ದ ಸಿಪಿಎಂನ ಸಿ.ಎಚ್. ಕುಂಞಂಬು 2011ರಲ್ಲೂ 2016ರಲ್ಲೂ ಮೂರನೆಯ ಸ್ಥಾನಕ್ಕೆ ಇಳಿದರು. 2021ರಲ್ಲಿ ಉದುಮದಿಂದ ಗೆದ್ದು ಮತ್ತೆ ಶಾಸಕರಾದರು. ಇನ್ನೂ ಹಿಂದೆ ಹೋದರೆ, 1971ರಲ್ಲಿ ಕಾಸರಗೋಡು ಲೋಕಸಭಾ ಕ್ಷೇತ್ರದಲ್ಲಿ ಕಡನ್ನಪಳ್ಳಿ ರಾಮಚಂದ್ರನ್ ಎಂಬ ಯುವಕನೆದುರು ಸೋತ ಸಿಪಿಎಂನ ಇ.ಕೆ. ನಾಯನಾರ್ 1980ರಲ್ಲಿ ಕೇರಳದ ಮುಖ್ಯಮಂತ್ರಿ. ಈ ಮೂವರ ಪಕ್ಷ, ಸಿದ್ಧಾಂತ ನಿಮಗೆ ಹಿಡಿಸಬೇಕಾಗಿಲ್ಲ. ಮೂವರೂ ಸೋತ ಮೇಲೂ ರಾಜಕೀಯ ಬಿಡದವರೇ. ಇಬ್ಬರಿಗೆ ಫಲ ಸಿಕ್ಕಿತು, ಒಬ್ಬರಿಗೆ ಅಲ್ಲಿ ಸಿಗಲಿಲ್ಲ, ಅಷ್ಟೇ. ಪಂಚಾಯತು ವಾರ್ಡುಗಳಲ್ಲಂತೂ ಮತ ಸಮನಾಗಿ ಚೀಟಿ ಎತ್ತಿ ಗೆದ್ದವರೂ ಇದ್ದಾರೆ. ಚೀಟಿಯಲ್ಲಿ ಹೆಸರು ಬಾರದವರನ್ನು ಊರು ಬೇಡವೆಂದಿತು ಎನ್ನುವುದಕ್ಕಾಗುತ್ತದೆಯೇ? 23 ಮತ ಅದಕ್ಕಿಂತ ಬಹಳ ದೂರವೇನೂ ಅಲ್ಲ.

ಪಕ್ಷದವರ ಫೋನು ಬರುತ್ತದೆ, ಚಿಂತೆ ಬೇಡ. ಮುಂದಿನ ಚುನಾವಣೆ ಹತ್ತಿರವಾಗಲಿ, ನಿಮ್ಮ ನಂಬರು ಅವರಿಗೆ ತಾನಾಗಿ ನೆನಪಾಗುತ್ತದೆ. ಆಗ ಕೋಪದಲ್ಲಿ ಫೋನ್ ಇಡಬೇಡಿ, ಖುಷಿಯಲ್ಲಿ ಕರಗಲೂ ಬೇಡಿ. ಒಂದು ಮಾತು ನೇರವಾಗಿ ಕೇಳಿ: ‘ಮುಂದಿನ ಸಲ ನಮ್ಮ ವಾರ್ಡ್ ಸಾಮಾನ್ಯವಾದರೆ ನನ್ನ ಹೆಸರು ಇರುತ್ತದೆಯೇ?’ ಕೇರಳದಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ, ಆದರೆ ಆ ಮೀಸಲಾತಿ ವಾರ್ಡಿನಿಂದ ವಾರ್ಡಿಗೆ ತಿರುಗುತ್ತದೆ. ಈ ಸಲ ‘ನೀವಲ್ಲದೆ ಇನ್ನಾರು’ ಎಂದವರು ಆ ಸಲ ‘ಅಣ್ಣನನ್ನು ಒಮ್ಮೆ ಕೇಳಿ ನೋಡೋಣ’ ಎಂದು ನಿಮ್ಮ ಗಂಡನ ಬಳಿಗೆ ಬಂದರೆ ಆಶ್ಚರ್ಯಪಡಬೇಡಿ. ಸಾಮಾನ್ಯ ವಾರ್ಡಿನಲ್ಲಿ ಹೆಂಗಸು ನಿಲ್ಲಬಾರದೆಂದು ಯಾವ ಕಾನೂನೂ ಹೇಳುವುದಿಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪಂಚಾಯತಿನ ಬೇರೆ ವಾರ್ಡಿನಲ್ಲಿಯೂ ನಿಲ್ಲಬಹುದು. ಹಾಗಾಗಿ ನಿಮ್ಮ ತೋಟದ ಬೇಲಿಯ ಆಚೆಗೂ ನಿಮ್ಮನ್ನು ಬಲ್ಲವರಿರಲಿ. ಕುಟುಂಬಶ್ರೀಯಂತಹ ದಾರಿ ನಿಮಗೆ ತೆರೆದೇ ಇದೆ, ಅದು ಎಲ್ಲ ಅಭ್ಯರ್ಥಿಗಳಿಗೂ ಸಿಗುವ ಭಾಗ್ಯವಲ್ಲ.

ಅತ್ತೆಯ ಮಾತನ್ನು ನಾನು ದೊಡ್ಡದು ಮಾಡುವುದಿಲ್ಲ. ಪ್ರಚಾರದ ದಿನಗಳಲ್ಲಿ ಮನೆಯ ಅಡುಗೆ, ಹಟ್ಟಿ ಕೆಲಸ ಯಾರ ತಲೆಯ ಮೇಲೆ ಬಿತ್ತು ಎಂದು ಯೋಚಿಸಿ, ಅವರೊಡನೆ ಎರಡು ಒಳ್ಳೆಯ ಮಾತನಾಡಿ. ಗಂಡನ ಮೌನ ಬೇರೆ ವಿಷಯ. ಅದನ್ನು ವಿರೋಧವೆಂದು ನೀವಾಗಿಯೇ ಓದಿಕೊಂಡಿದ್ದೀರಿ. ‘ನಾನು ಮುಂದುವರಿಯಬೇಕೆಂದಿದ್ದೇನೆ, ನಿಮಗೇನನ್ನಿಸುತ್ತದೆ?’ ಎಂದು ಕೇಳಿದ್ದೀರಾ? ಪತ್ರದಲ್ಲಿ ಅದು ಕಾಣಲಿಲ್ಲ. ನಿಮ್ಮ ಸೋಲನ್ನು ಎತ್ತಿ ಆಡಬಾರದೆಂದೇ ಸುಮ್ಮನಿರುವ ಗಂಡಸರೂ ಇರುತ್ತಾರೆ. ಮಾತು ಬಾರದೆ ಸುಮ್ಮನಿರುವವರು ಇನ್ನೂ ಹೆಚ್ಚು.

ಇನ್ನು ಸುತ್ತು ದಾರಿ. ಅದನ್ನು ಬಿಡಿ, ಅದರಿಂದ ನಿಮ್ಮ ಕಾಲಿಗೆ ಮಾತ್ರ ನೋವು. ಗ್ರಾಮಸಭೆಯನ್ನು ಮೂರು ತಿಂಗಳಿಗೊಮ್ಮೆಯಾದರೂ ಕರೆಯಬೇಕು, ವಾರ್ಡಿನ ಹತ್ತು ಶೇಕಡಾ ಮತದಾರರು ಬಂದರೆ ಮಾತ್ರ ಕೋರಂ. ನಿಮ್ಮ ಊರಿನಲ್ಲಿ ಅಷ್ಟು ಜನರನ್ನು ಸೇರಿಸುವುದು ಎಷ್ಟು ಕಷ್ಟವೆಂದು ಹೊಸ ಸದಸ್ಯೆಗೆ ಈಗಾಗಲೇ ಗೊತ್ತಾಗಿರುತ್ತದೆ. ನೀವು ಆ ವಾರ್ಡಿನ ಮತದಾರಳು, ಆ ಸಭೆಯಲ್ಲಿ ಕೂರುವ ಹಕ್ಕು ನಿಮಗೆ ಯಾರೂ ಕೊಡಬೇಕಾಗಿಲ್ಲ. ನಿಮಗೆ ಮತ ಕೊಟ್ಟ ನೆರೆಹೊರೆಯ ಹೆಂಗಸರನ್ನು ಕರೆದುಕೊಂಡು ಹೋಗಿ. ಮನೆ ಕಟ್ಟುವ ನೆರವಿನ ಪಟ್ಟಿಯಲ್ಲಿ ಯಾರ ಹೆಸರು ಬಿಟ್ಟುಹೋಗಿದೆ, ಮಾರ್ಚ್ ಬಂದರೆ ಯಾವ ಬದಿಯ ಬಾವಿ, ನೀರಿಗಾಗಿ ಗುಡ್ಡ ಕೊರೆದ ಸುರಂಗ ಬತ್ತುತ್ತದೆ ಎಂಬುದು ನಿಮಗೆ ಮನೆಮನೆ ಸುತ್ತಿದ್ದರಿಂದ ಬಾಯಿಪಾಠ. ಎದ್ದು ನಿಂತು ಕೇಳಿ, ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಯಿಸಿ. ಸದಸ್ಯೆ ಒಳ್ಳೆಯ ಕೆಲಸ ಮಾಡಿದರೆ ಹೊಗಳಲೂ ಹಿಂಜರಿಯಬೇಡಿ. ನಿಮಗೆ ಹೊಟ್ಟೆಕಿಚ್ಚು ಎಂದು ಹೇಳಿಕೊಂಡು ತಿರುಗುವವರಿಗೆ ಅದಕ್ಕಿಂತ ಬೇಸರದ ಸುದ್ದಿ ಇರಲಾರದು.

ಕೊನೆಗೆ, ನೀವು ಕೇಳದ ಒಂದು ವಿಷಯ. ಚುನಾವಣಾ ಖರ್ಚಿನ ಲೆಕ್ಕ ಕೊಟ್ಟಿದ್ದೀರಾ? ಸೋತವರೂ ಫಲಿತಾಂಶ ಬಂದ 30 ದಿನಗಳೊಳಗೆ ಕೊಡಬೇಕು. ಗ್ರಾಮ ಪಂಚಾಯತು ಅಭ್ಯರ್ಥಿಗೆ ಮಿತಿ 25,000 ರೂಪಾಯಿ. ಲೆಕ್ಕ ಕೊಡದವರನ್ನು ರಾಜ್ಯ ಚುನಾವಣಾ ಆಯೋಗ ಐದು ವರ್ಷ ಅನರ್ಹಗೊಳಿಸಬಹುದು. ‘ಅದನ್ನೆಲ್ಲ ನಾವು ನೋಡಿಕೊಳ್ಳುತ್ತೇವೆ’ ಎಂದ ಪಕ್ಷದವರೇ ಈಗ ಫೋನ್ ಎತ್ತುತ್ತಿಲ್ಲವಲ್ಲ. ಪೋಸ್ಟರು, ಜೀಪಿನ ಬಾಡಿಗೆಯ ರಶೀದಿಗಳನ್ನು ಹುಡುಕಿ ಇಟ್ಟುಕೊಳ್ಳಿ. ಲೆಕ್ಕ ಸಲ್ಲಿಕೆಯಾಗಿದೆಯೇ ಎಂದು ಈ ವಾರವೇ ಸಂಬಂಧಪಟ್ಟ ಕಚೇರಿಗೆ ನೀವೇ ಹೋಗಿ ವಿಚಾರಿಸಿ, ಸ್ವೀಕೃತಿ ಪತ್ರ ಕೈಗೆ ಬರುವವರೆಗೆ ಅಲ್ಲಿಂದ ಏಳಬೇಡಿ.