ಪ್ರವಾಸ ಪತ್ರಿಕೆಗಳು ನನ್ನ ಲೇಖನದ ಪ್ರಸ್ತಾವಗಳಿಗೆ ಉತ್ತರವನ್ನೇ ಕೊಡುವುದಿಲ್ಲ, ಏಕೆ?

ಎರಡು ವರ್ಷಗಳಿಂದ ಪ್ರವಾಸ ಪತ್ರಿಕೆಗಳಿಗೆ ಲೇಖನದ ಪ್ರಸ್ತಾವಗಳನ್ನು ಕಳುಹಿಸುತ್ತಿದ್ದರೂ ಒಂದಕ್ಕೂ ಉತ್ತರ ಬಂದಿಲ್ಲ, ದೋಷ ನನ್ನ ಬರವಣಿಗೆಯಲ್ಲಿದೆಯೇ ಅಥವಾ ಕಳುಹಿಸುವ ಕ್ರಮದಲ್ಲಿದೆಯೇ ಎಂದು ಕೇಳಿದ್ದೀರಿ. ಮಾದರಿಯಾಗಿ ನೀವು ಕೊಟ್ಟಿರುವ ಸಾಲನ್ನು ನೋಡಿದರೆ ಬರವಣಿಗೆಯ ಮಟ್ಟಕ್ಕೆ ಪ್ರಶ್ನೆ ಇನ್ನೂ ತಲುಪಿಯೇ ಇಲ್ಲ ಎನಿಸುತ್ತದೆ. ‘ಟ್ರಾನ್ಸ್-ಸೈಬೀರಿಯನ್ ರೈಲಿನಲ್ಲಿ ಪೂರ್ತಿ ಪ್ರಯಾಣ ಮಾಡಿದ್ದೇನೆ, ಆ ಕುರಿತು ಎರಡು ಸಾವಿರ ಪದಗಳ ಲೇಖನ ಬರೆದುಕೊಡಬಲ್ಲೆ’ ಎಂದು ನೀವು ಬರೆದಿದ್ದೀರಿ. ಇದರಲ್ಲಿ ವಿಷಯವಿದೆ, ಆದರೆ ಕಥೆಯಿಲ್ಲ. ನಾನು ಹಲವು ವರ್ಷಗಳಿಂದ ಫ್ರೀಲಾನ್ಸ್ ಆಗಿ ಬರೆಯುತ್ತಿದ್ದೇನೆ. ನಡುವೆ ಸ್ವಲ್ಪ ಕಾಲ ಸಂಪಾದಕೀಯ ವಿಭಾಗದಲ್ಲಿ ಕುಳಿತು ಇಂಥ ಪತ್ರಗಳನ್ನು ಓದುವ ಕೆಲಸವನ್ನೂ ಮಾಡಿದ್ದೇನೆ. ಮೇಜಿನ ಆ ಕಡೆಯಿಂದ ನೋಡಿದಾಗ, ತಿರಸ್ಕೃತವಾದ ಪ್ರಸ್ತಾವಗಳಲ್ಲಿ ಹೆಚ್ಚಿನವು ಒಂದು ಸ್ಥಳದ ಹೆಸರು ಮತ್ತು ಬರೆಯುವ ಉತ್ಸಾಹ, ಇವೆರಡನ್ನು ಬಿಟ್ಟು ಬೇರೇನನ್ನೂ ಹೊತ್ತು ಬಂದಿರುತ್ತಿರಲಿಲ್ಲ.

ನಿಮ್ಮ ಉದಾಹರಣೆಯನ್ನೇ ಮುಂದುವರಿಸುತ್ತೇನೆ. ಮಾಸ್ಕೋದಿಂದ ವ್ಲಾಡಿವೊಸ್ಟಾಕ್‌ವರೆಗಿನ ಆ ಮಾರ್ಗ 9,289 ಕಿಲೋಮೀಟರ್ ಉದ್ದವಿದೆ, ಎಂಟು ಕಾಲವಲಯಗಳನ್ನು ದಾಟುತ್ತದೆ ಎಂಬುದು ಸಂಪಾದಕರಿಗೆ ಗೊತ್ತಿರುವ ಸಂಗತಿ. ಆದರೆ 2018ರ ಜುಲೈ ಕೊನೆಯವರೆಗೆ ರಷ್ಯಾದ ದೂರಪ್ರಯಾಣದ ರೈಲುಗಳ ಟಿಕೆಟ್ ಮತ್ತು ವೇಳಾಪಟ್ಟಿ ಎಲ್ಲ ಕಡೆಯೂ ಮಾಸ್ಕೋ ಸಮಯದಲ್ಲೇ ಇರುತ್ತಿದ್ದವು. ವ್ಲಾಡಿವೊಸ್ಟಾಕ್‌ನಿಂದ ಬೆಳಿಗ್ಗೆ ಎಂಟಕ್ಕೆ ಹೊರಡುವ ರೈಲಿನ ಟಿಕೆಟ್ಟಿನಲ್ಲಿ ರಾತ್ರಿ ಒಂದು ಗಂಟೆ ಎಂದು ಅಚ್ಚಾಗಿರುತ್ತಿತ್ತು. ಆ ವರ್ಷದ ಆಗಸ್ಟ್ 1ರಿಂದ ಸ್ಥಳೀಯ ಸಮಯ ಜಾರಿಗೆ ಬಂದಿತು. ಇಡೀ ವೃತ್ತಿಜೀವನವನ್ನು ಎರಡು ಗಡಿಯಾರಗಳ ನಡುವೆ ಕಳೆದ ಬೋಗಿ ಪರಿಚಾರಕಿಯರು, ನಿದ್ದೆಯ ಲೆಕ್ಕವನ್ನು ಹೇಗೆ ಇಟ್ಟುಕೊಂಡಿದ್ದರು, ಸಮಯ ಬದಲಾದ ಮೊದಲ ತಿಂಗಳು ಏನಾಯಿತು ಎಂದು ಕೇಳಿ ಬರೆಯುವುದಾದರೆ ಅಲ್ಲಿ ಒಂದು ಕಥೆಯ ಎಳೆ ಸಿಗುತ್ತದೆ. ರೈಲು ಅದೇ, ಮಾರ್ಗವೂ ಅದೇ; ಆದರೆ ಈಗ ಓದುಗನಿಗೆ ಮುಂದೇನು ಎಂಬ ಕುತೂಹಲವಿದೆ, ಸಂಪಾದಕರಿಗೆ ಶೀರ್ಷಿಕೆಯೊಂದು ಕಣ್ಣಿಗೆ ಕಟ್ಟುತ್ತದೆ. ಶೀರ್ಷಿಕೆ ಹೊಳೆಯದಿದ್ದರೆ ಕಥೆ ಇನ್ನೂ ಹಣ್ಣಾಗಿಲ್ಲ ಎಂದೇ ನಾನು ಭಾವಿಸುತ್ತೇನೆ.

ಎರಡನೆಯ ತೊಡಕು ಕಾಲದ್ದು. ಮುದ್ರಿತ ಮಾಸಪತ್ರಿಕೆಗಳು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ಮುಂಚಿತವಾಗಿಯೇ ಸಂಚಿಕೆಯನ್ನು ಯೋಜಿಸುತ್ತವೆ. ಹೊಸಬರು ಎಡವುವುದು ಹೆಚ್ಚಾಗಿ ಛಾಯಾಚಿತ್ರಗಳ ಲೆಕ್ಕದಲ್ಲಿ: ಹಿಮ ಬೀಳುವ ಕಾಲದ ಲೇಖನ ಈ ಚಳಿಗಾಲದ ಸಂಚಿಕೆಯಲ್ಲಿ ಬರಬೇಕಾದರೆ ಅದರ ಚಿತ್ರಗಳನ್ನು ಕಳೆದ ಚಳಿಗಾಲದಲ್ಲೇ ತೆಗೆದಿರಬೇಕಾಗುತ್ತದೆ. ಹಾಗಾಗಿ ಪ್ರವಾಸದಿಂದ ಮರಳಿದ ಕೂಡಲೇ ‘ಮುಂದಿನ ತಿಂಗಳಿಗೆ’ ಎಂದು ಕಳುಹಿಸುವ ಪತ್ರ ಏಕಕಾಲದಲ್ಲಿ ಈ ವರ್ಷದ ಸಂಚಿಕೆಗೆ ತಡವಾಗಿಯೂ ಮುಂದಿನ ವರ್ಷದ ಅದೇ ಕಾಲದ ಸಂಚಿಕೆಗೆ ಬೇಗವಾಗಿಯೂ ಬಂದಿರುತ್ತದೆ. ವಾರ್ಷಿಕೋತ್ಸವಗಳ ನೆಪವೂ ಹೀಗೆಯೇ. ಪ್ರಾಚೀನ ಈಜಿಪ್ಟಿನ ದೊರೆ ಟುಟಂಖಾಮನ್‌ನ ಸಮಾಧಿ ಪತ್ತೆಯಾದದ್ದು 1922ರ ನವೆಂಬರಿನಲ್ಲಿ. ಅದರ ಶತಮಾನದ ಸಂಚಿಕೆಗೆ ಬರೆಯಲು ಬಯಸಿದವರು 2022ರ ಆರಂಭದಲ್ಲಾದರೂ ಪತ್ರ ಬರೆದಿರಬೇಕಿತ್ತು. ಇಂಥ ದೊಡ್ಡ ತಾರೀಖುಗಳು ಎಲ್ಲರ ಪಂಚಾಂಗದಲ್ಲೂ ಇರುವುದರಿಂದ ಒಂದೇ ಬಗೆಯ ಪತ್ರಗಳು ರಾಶಿ ಬೀಳುತ್ತವೆ ಎಂಬುದನ್ನೂ ಮರೆಯಬೇಡಿ. ಯಾರೂ ಗಮನಿಸದ ಚಿಕ್ಕ ತಾರೀಖೇ ಎಷ್ಟೋ ಸಲ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಪತ್ರಿಕೆಯನ್ನು ಓದಿ ಕಳುಹಿಸಿ ಎಂದು ಎಲ್ಲರೂ ಹೇಳುತ್ತಾರೆ, ಏನನ್ನು ಓದಬೇಕೆಂದು ಹೇಳುವವರು ಕಡಿಮೆ. ಹಿಂದಿನ ಆರು ಸಂಚಿಕೆಗಳನ್ನು ಮುಂದಿಟ್ಟುಕೊಳ್ಳಿ. ಸಂಪಾದಕ ಬಳಗದ ಹೆಸರುಗಳಿರುವ ಪುಟವನ್ನು ತೆರೆದು, ಪ್ರತಿ ಲೇಖನದ ಲೇಖಕರ ಹೆಸರು ಆ ಪಟ್ಟಿಯಲ್ಲಿದೆಯೇ ಎಂದು ತಾಳೆ ನೋಡಿ. ಯಾವ ವಿಭಾಗಗಳನ್ನು ಒಳಗಿನವರೇ ಬರೆಯುತ್ತಾರೆ, ಯಾವುದರಲ್ಲಿ ಹೊರಗಿನವರಿಗೆ ಜಾಗವಿದೆ ಎಂಬುದು ಅರ್ಧ ಗಂಟೆಯಲ್ಲಿ ಸ್ಪಷ್ಟವಾಗುತ್ತದೆ. ಬಹುತೇಕ ಪತ್ರಿಕೆಗಳಲ್ಲಿ ದೀರ್ಘ ಲೇಖನಗಳು ಪರಿಚಿತ ಲೇಖಕರಿಗೆ ಹೋಗುತ್ತವೆ. ಮೊದಲ ಪುಟಗಳ ಇನ್ನೂರು, ಮುನ್ನೂರು ಪದಗಳ ಕಿರುಬರಹಗಳಿಗೆ ಮಾತ್ರ ಸಂಪಾದಕರು ಪ್ರತಿ ತಿಂಗಳೂ ಹುಡುಕಾಡುತ್ತಿರುತ್ತಾರೆ. ನಾನು ಒಳಗೆ ಹೋದದ್ದೂ ಆ ಕಿರಿದಾದ ಬಾಗಿಲಿನಿಂದಲೇ. ಸತತ ನಾಲ್ಕು ಕಿರುಬರಹಗಳನ್ನು ಹೇಳಿದ ದಿನಕ್ಕೆ, ಹೇಳಿದ ಅಳತೆಗೆ ಕೊಟ್ಟ ಮೇಲೆ ಐದನೆಯ ಬಾರಿ ದೊಡ್ಡ ಲೇಖನವನ್ನು ಅವರೇ ಕೇಳಿದರು. ನಿಮ್ಮ ಎರಡು ಗಡಿಯಾರಗಳ ಕಥೆಯನ್ನೂ ಮೊದಲು ಮುನ್ನೂರು ಪದಗಳಲ್ಲಿ ಯೋಚಿಸಿ ನೋಡಿ.

ಪತ್ರ ಒಂದು ಪುಟ ಮೀರಬಾರದು. ಇಮೇಲಿನ ವಿಷಯಸಾಲಿನಲ್ಲಿ ಪ್ರಸ್ತಾವ ಎಂಬ ಪದ, ವಿಭಾಗದ ಹೆಸರು ಮತ್ತು ಶೀರ್ಷಿಕೆ ಇದ್ದರೆ ಸಾಕು. ಮೊದಲ ಪ್ಯಾರಾವನ್ನು ಲೇಖನದ ಆರಂಭದಂತೆಯೇ ಬರೆಯಿರಿ, ಏಕೆಂದರೆ ನಿಮಗೆ ಬರೆಯಲು ಬರುತ್ತದೆ ಎಂಬುದಕ್ಕೆ ಅಲ್ಲಿರುವ ಪುರಾವೆ ಅದೊಂದೇ. ಬಳಿಕ ಯಾರನ್ನು ಮಾತನಾಡಿಸುತ್ತೀರಿ, ಎಷ್ಟು ಪದಗಳು, ಯಾವಾಗ ಕೊಡಬಲ್ಲಿರಿ, ಚಿತ್ರಗಳಿವೆಯೇ ಎಂಬುದನ್ನು ತಿಳಿಸಿ. ಕೊನೆಗೆ ನಿಮ್ಮ ಪರಿಚಯ ಎರಡು ಸಾಲು, ಪ್ರಕಟಿತ ಬರಹಗಳ ಎರಡು ಮೂರು ಕೊಂಡಿಗಳು. ಬಾಲ್ಯದಿಂದಲೂ ಪ್ರವಾಸದ ಹುಚ್ಚು ಎಂಬ ವಾಕ್ಯವನ್ನು ದಯವಿಟ್ಟು ಬಿಟ್ಟುಬಿಡಿ. ಆ ವಿಭಾಗಕ್ಕೆ ಪತ್ರ ಬರೆಯುವ ಪ್ರತಿಯೊಬ್ಬರಿಗೂ ಆ ಹುಚ್ಚು ಇದ್ದೇ ಇರುತ್ತದೆ.

ಪ್ರವಾಸದ ಖರ್ಚನ್ನು ಯಾರು ಭರಿಸಿದರು ಎಂಬುದನ್ನು ಮುಚ್ಚಿಡಬೇಡಿ. 1987ರಲ್ಲಿ ಹೆರಾಲ್ಡ್ ಇವಾನ್ಸ್ ಸಂಪಾದಕತ್ವದಲ್ಲಿ ಆರಂಭವಾದ ಕಾಂಡೆ ನಾಸ್ಟ್ ಟ್ರಾವೆಲರ್ ಎಂಬ ಪ್ರವಾಸ ಪತ್ರಿಕೆ, ಉಚಿತ ಪ್ರವಾಸಗಳನ್ನು ಸ್ವೀಕರಿಸುವುದಿಲ್ಲ ಎಂಬುದನ್ನೇ ತನ್ನ ಗುರುತಾಗಿ ಮಾಡಿಕೊಂಡಿತು. ಇಂದಿಗೂ ಕೆಲವು ಪತ್ರಿಕೆಗಳು ಹೋಟೆಲ್ ಅಥವಾ ಪ್ರವಾಸೋದ್ಯಮ ಇಲಾಖೆಗಳ ಆತಿಥ್ಯದಲ್ಲಿ ಮಾಡಿದ ಪ್ರವಾಸದ ಲೇಖನವನ್ನು ಮುಟ್ಟುವುದಿಲ್ಲ, ಇನ್ನು ಕೆಲವು ಅದನ್ನು ಓದುಗರಿಗೆ ತಿಳಿಸಿ ಪ್ರಕಟಿಸುತ್ತವೆ. ಲೇಖನ ಅಚ್ಚಿಗೆ ಹೋಗುವ ಹೊತ್ತಿಗೆ ಈ ಸಂಗತಿ ಹೊರಬಿದ್ದರೆ ಆ ಬಾಗಿಲು ನಿಮಗೆ ಮತ್ತೆ ತೆರೆಯುವುದಿಲ್ಲ.

ಉತ್ತರ ಬಾರದಿದ್ದರೆ ಎರಡು ಮೂರು ವಾರಗಳ ನಂತರ ಒಂದೇ ಒಂದು ನೆನಪೋಲೆ ಕಳುಹಿಸಿ, ಮತ್ತೊಂದು ವಾರ ಕಾದು, ಆ ಕಥೆಯನ್ನು ಬೇರೆ ಪತ್ರಿಕೆಗೆ ಒಯ್ಯಿರಿ. ಒಂದೇ ಕಥೆಯನ್ನು ಏಕಕಾಲದಲ್ಲಿ ಇಬ್ಬರಿಗೆ ಕಳುಹಿಸುವ ಆತುರ ಬೇಡ. ನಾನು ಒಮ್ಮೆ ಹಾಗೆ ಮಾಡಿ, ಇಬ್ಬರೂ ಒಂದೇ ವಾರ ಒಪ್ಪಿಗೆ ಸೂಚಿಸಿದ್ದರಿಂದ ಒಬ್ಬರಿಗೆ ಇಲ್ಲವೆನ್ನಬೇಕಾಯಿತು. ಆ ಸಂಪಾದಕರು ನನಗೆ ಮತ್ತೆಂದೂ ಬರೆಯಲಿಲ್ಲ, ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ.

ಒಪ್ಪಿಗೆ ಬಂದ ದಿನದ ಸಂತೋಷದಲ್ಲಿ ಕರಾರನ್ನು ಓದದೆ ಸಹಿ ಹಾಕುವವರು ಬಹಳ ಮಂದಿ. ಹಣ ಲೇಖನ ಒಪ್ಪಿಕೊಂಡಾಗ ಬರುತ್ತದೆಯೇ ಅಥವಾ ಪ್ರಕಟವಾದ ಮೇಲೆಯೇ ಎಂದು ಕೇಳಿ; ಎರಡರ ನಡುವೆ ಎಷ್ಟೋ ತಿಂಗಳುಗಳ ಅಂತರ ಇರಬಹುದು. ಪತ್ರಿಕೆ ಕೊಳ್ಳುತ್ತಿರುವುದು ಮೊದಲ ಪ್ರಕಟಣೆಯ ಹಕ್ಕನ್ನು ಮಾತ್ರವೇ ಅಥವಾ ಎಲ್ಲ ಹಕ್ಕುಗಳನ್ನೂ ಬರೆಸಿಕೊಳ್ಳುತ್ತಿದೆಯೇ ಎಂದು ನೋಡಿ. ಎರಡನೆಯದಾದರೆ ಆ ಬರಹವನ್ನು ಪತ್ರಿಕೆಯ ಅನುಮತಿಯಿಲ್ಲದೆ ನೀವು ಮುಂದೆ ನಿಮ್ಮದೇ ಪುಸ್ತಕಕ್ಕೂ ಸೇರಿಸುವಂತಿಲ್ಲ. ಬರೆಸಿಕೊಂಡ ಲೇಖನವನ್ನು ಕೈಬಿಟ್ಟರೆ ಸಂಭಾವನೆಯ ಒಂದು ಪಾಲನ್ನು ಕೊಡುವ ಪದ್ಧತಿಗೆ ಕಿಲ್ ಫೀ ಎನ್ನುತ್ತಾರೆ. ಅದು ಕರಾರಿನಲ್ಲಿ ಇಲ್ಲದಿದ್ದರೆ ಸಂಕೋಚವಿಲ್ಲದೆ ಕೇಳಿ. ‘ಮೊದಲು ಪೂರ್ತಿ ಬರೆದು ಕಳುಹಿಸಿ, ನೋಡೋಣ’ ಎಂದರೆ ಅದು ಲೇಖನ ಕೊಳ್ಳುವ ಒಪ್ಪಿಗೆಯಲ್ಲ. ಹೊಸಬರು ಒಮ್ಮೆ ಒಪ್ಪಿಕೊಳ್ಳಬಹುದು, ಆದರೆ ಅದನ್ನು ನಂಬಿ ವಿಮಾನದ ಟಿಕೆಟ್ ಕೊಳ್ಳಬಾರದು.

ಇನ್ನು ನಿಮ್ಮ ರೈಲಿನ ವಿಷಯ. ಆ ಪ್ರಯಾಣದ ಟಿಪ್ಪಣಿಗಳನ್ನು ಇಟ್ಟುಕೊಂಡಿದ್ದರೆ ಅವುಗಳಲ್ಲಿ ಪರಿಚಾರಕಿಯರು, ಸಹಪ್ರಯಾಣಿಕರು ಆಡಿದ ಮಾತುಗಳನ್ನಷ್ಟೇ ಬೇರ್ಪಡಿಸಿ, ದೃಶ್ಯವರ್ಣನೆಗಳನ್ನು ಸದ್ಯಕ್ಕೆ ಬದಿಗಿಡಿ. ಪ್ರಸ್ತಾವದ ಮೊದಲ ಪ್ಯಾರಾ ಅಲ್ಲಿಂದಲೇ ಸಿಗುವ ಸಾಧ್ಯತೆ ಹೆಚ್ಚು. ಅದನ್ನು ಬರೆದ ಮೇಲೆ ತೋರಿಸಿದರೆ ನನಗೆ ತೋಚಿದ್ದನ್ನು ಹೇಳುತ್ತೇನೆ.