ಸಲಿಂಗ ಮದುವೆ ಬಗ್ಗೆ ಒಂದೇ ಮನೆಯಲ್ಲಿ ಎರಡು ಅಭಿಪ್ರಾಯ ಯಾಕೆ?

ಮದುವೆ ಅನ್ನೋ ಒಂದೇ ಮಾತಿಗೆ ಎರಡು ಅರ್ಥ ಇರುವುದರಿಂದ. ನಮ್ಮ ಕಾಸರಗೋಡಿನ ಹಿರಿಯರಿಗೆ ಮದುವೆ ಅಂದರೆ ಧಾರೆ, ದೈವ, ಕುಟುಂಬ, ಸಂತಾನ. ಕಿರಿಯರು ಜಾಸ್ತಿ ಕೇಳುವುದು ಕಾನೂನಿನ ಹಕ್ಕು: ಆಸ್ತಿ, ಪಿಂಚಣಿ, ಸಂಗಾತಿ ಆಸ್ಪತ್ರೆಯಲ್ಲಿದ್ದಾಗ ಸಹಿ ಹಾಕುವ ಅಧಿಕಾರ.

ಕೋರ್ಟಿನಲ್ಲೂ ಪೂರ್ತಿ ಒಮ್ಮತ ಇರಲಿಲ್ಲ. ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿತ್ತು. 2023ರ ಅಕ್ಟೋಬರ್ 17ರಂದು, ಮದುವೆಯಾಗುವುದು ಮೂಲಭೂತ ಹಕ್ಕಲ್ಲ ಎಂದು ಐವರು ನ್ಯಾಯಮೂರ್ತಿಗಳೂ ಒಪ್ಪಿದರು. ಆದರೆ ಮದುವೆಯ ಹೆಸರಿಲ್ಲದೆ ಜೊತೆಗೆ ಬಾಳುವ ಇಂಥ ಜೋಡಿಗೆ ಕಾನೂನಿನ ಮಾನ್ಯತೆ ಸಿಗಬೇಕೇ ಎಂಬಲ್ಲಿ ಒಡಕು ಬಂತು. ಇಬ್ಬರು ಬೇಕು ಎಂದರು, ಮೂವರು ಒಪ್ಪಲಿಲ್ಲ.

‘ಮದುವೆಯ ಕಟ್ಟಳೆ ಬದಲಾಗುವಂಥದ್ದಲ್ಲ’ ಎಂಬ ಮಾತು ಮಾತ್ರ ನನಗೆ ಒಪ್ಪಿಗೆಯಿಲ್ಲ. ನಮ್ಮ ಅಳಿಯಸಂತಾನ ಕಟ್ಟಿನಲ್ಲಿ ಆಸ್ತಿ ಮಗನಿಗಲ್ಲ, ಅಳಿಯನಿಗೆ, ಅಂದರೆ ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತಿತ್ತು, ಅಲ್ವಾ? ಆ ಕಟ್ಟಿನ ಮದುವೆ, ಪಾಲುಗಳ ನಿಯಮವನ್ನು 1949ರ ಮದ್ರಾಸ್ ಕಾಯ್ದೆ ತಿದ್ದಿತು.

ಹಾಗಂತ ಹಿರಿಯರ ಅಳುಕು ಸುಮ್ನೆ ಹುಟ್ಟಿದ್ದಲ್ಲ. ಅದು ಆಚರಣೆ ಕೆಟ್ಟೀತು ಎಂಬ ಭಯ. ಅವರಿಗೆ ಇಷ್ಟು ಹೇಳಿ ನೋಡಿ: ಕೋರ್ಟು ಮುಖ್ಯವಾಗಿ ನೋಡಿದ್ದು 1954ರ ವಿಶೇಷ ವಿವಾಹ ಕಾಯ್ದೆಯನ್ನು, ಅಂದರೆ ರಿಜಿಸ್ಟರ್ ಮದುವೆಯನ್ನು. ಧಾರೆಯ ಮಂಟಪದ ವಿಷಯಕ್ಕೆ ಕೋರ್ಟು ಕೈ ಹಾಕಲಿಲ್ಲ.